ಗಗನನೌಕೆಗೂ ಪಾಳಿ ಕರೆಂಟು

ಬೆಳಗಾವಿ ಸೀಮೆಯ ನಾಗನೂರಿನ ಕಬ್ಬಿನ ಹೊಲಗಳಲ್ಲಿ ತ್ರೀ ಫೇಸ್ ಕರೆಂಟು ಬಂದ ಮೊದಲ ನಿಮಿಷವೇ ದಿನದ ಅತಿ ಕೆಟ್ಟ ನಿಮಿಷ. ಪಂಪ್‌ಸೆಟ್‌ಗಳಿಗೆ ಗೊತ್ತುಮಾಡಿದ್ದು ಏಳು ತಾಸಿನ ತ್ರೀ ಫೇಸ್, ಅದೂ ಪಾಳಿಯಲ್ಲಿ. ಕರೆಂಟು ಬಂತೆಂದರೆ ಕಾದು ಕೂತಿದ್ದ ಆಟೋ ಸ್ಟಾರ್ಟರ್‌ಗಳೆಲ್ಲ ಒಂದೇ ಉಸಿರಿಗೆ ಮೋಟರ್ ಎಬ್ಬಿಸುತ್ತವೆ. ನೇರವಾಗಿ ಲೈನಿಗೆ ಬೀಳುವ ಮೋಟರು ತಿರುಗಲು ತೊಡಗುವ ಆ ಕ್ಷಣದಲ್ಲಿ ಎಂದಿನ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಒಂದು ಟೀಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿನ ಅಷ್ಟೂ ಮೋಟರುಗಳು ಹಾಗೆ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಫ್ಯೂಸ್ ಹೋಗುತ್ತದೆ, ಗ್ರಹಚಾರ ಕೆಟ್ಟಿದ್ದರೆ ಟೀಸಿಯೇ ಸುಡುತ್ತದೆ. ಆ ಗಳಿಗೆ ದಾಟಿತೆಂದರೆ ಅದೇ ಟೀಸಿ ಅದೇ ಮೋಟರುಗಳನ್ನು ಆರಾಮಾಗಿ ಹೊತ್ತು ನಿಂತಿರುತ್ತದೆ.

ಇದನ್ನು ಕಂಡು ಬೆಳೆದವರಿಗೆ ‘ಸ್ಪೇಸ್ ಎಂಜಿನಿಯರ್ಸ್’ ಆಟದ ಅತಿ ಕಷ್ಟದ ಪಾಠ ಅರ್ಧ ಬಂದಂತೆಯೇ. ಪ್ರಾಗ್ ನಗರದ ಕೀನ್ ಸಾಫ್ಟ್‌ವೇರ್ ಹೌಸ್ 2013ರ ಅಕ್ಟೋಬರಿನಲ್ಲಿ ಅರೆಬರೆ ರೂಪದಲ್ಲೇ ಆಟಗಾರರ ಕೈಗಿತ್ತು, 2019ರ ಫೆಬ್ರುವರಿಯಲ್ಲಿ ಪೂರ್ತಿಗೊಳಿಸಿದ ಆಟ ಇದು. ಬ್ಲಾಕಿನ ಪಕ್ಕ ಬ್ಲಾಕು ಬೆಸೆದು ಗಣಿ ಹಡಗು, ಸರಕು ಹಡಗು, ಬಾಹ್ಯಾಕಾಶ ನೆಲೆ ಏನು ಬೇಕಾದರೂ ಕಟ್ಟಬಹುದು. ಬ್ಲಾಕುಗಳಿಗೆ ಎರಡು ಅಳತೆಯ ಗ್ರಿಡ್ಡು: ದೊಡ್ಡ ಗ್ರಿಡ್ಡಿನ ಬ್ಲಾಕು 2.5 ಮೀಟರಿನ ಘನ, ಸಣ್ಣದರದ್ದು ಅರ್ಧ ಮೀಟರ್. ಕಟ್ಟುವುದೇನೂ ಕಷ್ಟವಿಲ್ಲ. ಕಟ್ಟಿದ ಹಡಗು ನೆಲ ಬಿಟ್ಟು ಸ್ವಲ್ಪ ಮೇಲೇರಿ, ಅಲ್ಲಿಯೇ ದೀಪ ಆರಿಸಿಕೊಂಡು ದಬ್ಬನೆ ಬಿದ್ದಾಗ ತಲೆಬಿಸಿ ಶುರು. ಆಗ ಹೊಸಬರು ಮಾಡುವುದು ಒಂದೇ ಕೆಲಸ: ಇನ್ನೆರಡು ಬ್ಯಾಟರಿ ಬಡಿಯುವುದು. ಬ್ಯಾಟರಿಯ ಭಾರಕ್ಕೆ ಹಡಗನ್ನು ನೂಕುವ ಥ್ರಸ್ಟರ್ ಸಾಲುವುದಿಲ್ಲ, ಥ್ರಸ್ಟರ್ ಕೂಡಿಸಿದರೆ ಬ್ಯಾಟರಿ ಸಾಲುವುದಿಲ್ಲ. ಸಾಲ ತೀರಿಸಲು ಸಾಲ ಮಾಡಿದ ಹಾಗೆ ಹಡಗು ಉಬ್ಬುತ್ತ ಹೋಗುತ್ತದೆ.

ಕರೆಂಟು ಹೆಚ್ಚಿಸುವ ಮೊದಲು ಬೇಡಿಕೆಗಳು ಒಂದೇ ಗಳಿಗೆಗೆ ಏಳದಂತೆ ನೋಡಿಕೊಳ್ಳಬೇಕು. ಈ ಲೇಖನದ ಲೆಕ್ಕವೆಲ್ಲ ಅದರದ್ದೇ. ಇಲ್ಲಿನ ಅಂಕಿಗಳು ಮೊದಲ ‘ಸ್ಪೇಸ್ ಎಂಜಿನಿಯರ್ಸ್’ ಆಟದವು. 2025ರ ಜನವರಿಯಲ್ಲಿ ಆರಂಭಿಕ ರೂಪದಲ್ಲಿ ಹೊರಬಂದ ಎರಡನೆಯ ಆಟಕ್ಕೆ ಇವನ್ನು ಹಾಗೆಯೇ ಹಚ್ಚಬೇಡಿ. ಮೊದಲ ಆಟದಲ್ಲೂ ಅಪ್‌ಡೇಟ್ ಬಂದಂತೆ ಅಂಕಿ ಅಲ್ಲಲ್ಲಿ ಬದಲಾಗಿದ್ದುಂಟು. ಬ್ಲಾಕು ಹಚ್ಚುವ ಮುನ್ನ ಅದರ ವಿವರವನ್ನೊಮ್ಮೆ ಓದಿಕೊಳ್ಳಿ.

ವ್ಯಾಟು ಬೇರೆ, ಯೂನಿಟ್ಟು ಬೇರೆ

ಪರದೆಯ ಮೇಲೆ ಎರಡು ಬಗೆಯ ಅಂಕಿ ಕಾಣುತ್ತವೆ. ಮೆಗಾವ್ಯಾಟ್ ಎಂಬುದು ಈ ಗಳಿಗೆಯ ಹರಿವು. ಮೆಗಾವ್ಯಾಟ್ ಅವರ್ ಎಂಬುದು ಕೂಡಿಟ್ಟ ಗಂಟು. ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್. ಹಾಗಾಗಿ ಒಂದು ಮೆಗಾವ್ಯಾಟ್ ಅವರ್ ಎಂದರೆ ಸಾವಿರ ಯೂನಿಟ್. ದೊಡ್ಡ ಗ್ರಿಡ್ಡಿನ ಒಂದು ಬ್ಯಾಟರಿಯಲ್ಲಿ 3 ಮೆಗಾವ್ಯಾಟ್ ಅವರ್ ಹಿಡಿಯುತ್ತದೆ. ಮೂರು ಸಾವಿರ ಯೂನಿಟ್! ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಹದಿನೈದು ಮನೆಗಳ ಒಂದು ತಿಂಗಳು ಕಳೆಯುತ್ತದೆ.

ಆದರೆ ಆ ಬ್ಯಾಟರಿಯ ಬಾಯಿ ಅಗಲ 12 ಮೆಗಾವ್ಯಾಟ್ ಮಾತ್ರ. ಅದಕ್ಕಿಂತ ಹೆಚ್ಚು ಕೇಳಿದರೆ ಒಳಗೆ ಎಷ್ಟೇ ತುಂಬಿರಲಿ, ಕೊಡುವುದಿಲ್ಲ. ಹನ್ನೆರಡನ್ನೂ ಸತತವಾಗಿ ಎಳೆದರೆ ಹದಿನೈದು ನಿಮಿಷಕ್ಕೆ ಬರಿದು. ಆದ್ದರಿಂದ ಯಾವ ಹಡಗಿಗಾದರೂ ಎರಡು ಪ್ರಶ್ನೆ ಬೇರೆಬೇರೆಯಾಗಿಯೇ ಕೇಳಬೇಕು. ಅತಿ ಹೆಚ್ಚು ಎಳೆಯುವ ಗಳಿಗೆಯಲ್ಲಿ ಎಷ್ಟು ಮೆಗಾವ್ಯಾಟ್ ಬೇಕು? ಒಂದು ಸುತ್ತು ಹೋಗಿಬರಲು ಒಟ್ಟು ಎಷ್ಟು ಯೂನಿಟ್ ಬೇಕು? ‘ಬ್ಯಾಟರಿ ತುಂಬಿತ್ತು, ಆದರೂ ಹಡಗು ಬಿತ್ತು’ ಎನ್ನುವವರು ಎರಡನೆಯದನ್ನಷ್ಟೇ ಕೇಳಿಕೊಂಡವರು.

ಆಟದ ಅಳತೆ ನಮ್ಮ ಹೊಲದ ಅಳತೆಯಲ್ಲ ಎಂಬುದೂ ಗೊತ್ತಿರಲಿ. ಏಳೂವರೆ ಎಚ್‌ಪಿ ಮೋಟರಿಗೆ ಸುಮಾರು 5.6 ಕಿಲೋವ್ಯಾಟ್ ಬೇಕು. ದೊಡ್ಡ ಗ್ರಿಡ್ಡಿನ ಸಣ್ಣ ಅಯಾನ್ ಥ್ರಸ್ಟರ್ ಒಂದೇ 3.36 ಮೆಗಾವ್ಯಾಟ್ ನುಂಗುತ್ತದೆ, ಅಂದರೆ ಅಂಥ ಆರುನೂರು ಪಂಪ್‌ಸೆಟ್‌ಗಳಷ್ಟು. ದೊಡ್ಡ ಅಯಾನ್ ಥ್ರಸ್ಟರಿನದು 33.6 ಮೆಗಾವ್ಯಾಟ್, ಬೆಳಗಾವಿ ಸೀಮೆಯ ಸಕ್ಕರೆ ಕಾರ್ಖಾನೆಯೊಂದರ ಸಹವಿದ್ಯುತ್ ಘಟಕವನ್ನು ಒಬ್ಬನೇ ಮುಗಿಸಬಲ್ಲ ಹಸಿವು.

ಒಂದು ಹಡಗಿನ ಲೆಕ್ಕ

ಕಾಗದ ತೆಗೆದುಕೊಳ್ಳಿ. ಬಾಹ್ಯಾಕಾಶದಲ್ಲಷ್ಟೇ ಓಡಾಡುವ ದೊಡ್ಡ ಗ್ರಿಡ್ಡಿನ ಗಣಿ ಹಡಗು ಒಂದಿದೆ ಅನ್ನಿ. ಆರು ದಿಕ್ಕಿಗೆ ಎರಡೆರಡರಂತೆ ಹನ್ನೆರಡು ಸಣ್ಣ ಅಯಾನ್ ಥ್ರಸ್ಟರ್. ಅದಿರು ಶುದ್ಧಿ ಮಾಡುವ ಎರಡು ರಿಫೈನರಿ. ದೂರ ನೆಗೆಯಲು ಒಂದು ಜಂಪ್ ಡ್ರೈವ್.

ಹನ್ನೆರಡನ್ನೂ ಕೂಡಿಸಿದರೆ 40 ಮೆಗಾವ್ಯಾಟ್ ದಾಟುತ್ತದೆ. ಇಲ್ಲೇ ಬಹಳ ಜನ ಹೆದರಿ ರಿಯಾಕ್ಟರ್ ಸುರಿಯುವುದು. ಆದರೆ ಮುಂದಕ್ಕೆ ನೂಕುವುದೂ ಹಿಂದಕ್ಕೆ ನೂಕುವುದೂ ಒಂದೇ ಹೊತ್ತಿಗೆ ಉರಿಯುವುದಿಲ್ಲ. ಮುಂದೆ, ಮೇಲೆ, ಎಡಕ್ಕೆ ಮೂರೂ ಗುಂಡಿ ಒಟ್ಟಿಗೆ ಒತ್ತಿದರೂ ಮೂರು ದಿಕ್ಕಿನ ಆರು ಥ್ರಸ್ಟರ್ ಮಾತ್ರ: 20.16 ಮೆಗಾವ್ಯಾಟ್. ರಿಫೈನರಿಗೆ 560 ಕಿಲೋವ್ಯಾಟಿನಂತೆ ಎರಡಕ್ಕೆ 1.12. ಒಟ್ಟು 21.28. ಕನ್ವೇಯರು, ದೀಪ, ಗೈರೋಸ್ಕೋಪಿಗೆ ಬೇಕಾದದ್ದು ಈ ಮೊತ್ತದ ಮುಂದೆ ಚಿಲ್ಲರೆ. ಜಂಪ್ ಡ್ರೈವ್ ಚಾರ್ಜಿಗೆ ಕೂತರೆ ಅದೊಂದೇ 32 ಮೆಗಾವ್ಯಾಟ್ ಕೇಳುತ್ತದೆ, ಮೊತ್ತ 53.28ಕ್ಕೆ ಏರುತ್ತದೆ.

ಈಗ ಯೋಚಿಸಿ. ಹಡಗು ಓಡಿಸುತ್ತಲೇ ಜಂಪ್ ಡ್ರೈವ್ ಚಾರ್ಜ್ ಆಗಬೇಕೇ? ಸುಮ್ಮನೆ ನಿಂತಾಗ ಆದರೆ ಆಗದೇ? ಆದೀತು ಎಂದಾದರೆ ಈ ಹಡಗಿಗೆ 15 ಮೆಗಾವ್ಯಾಟಿನ ಎರಡು ಸಣ್ಣ ರಿಯಾಕ್ಟರ್ ಸಾಕೇ ಸಾಕು. ಪೂರ್ತಿ ಓಟದಲ್ಲೂ 8.7 ಮೆಗಾವ್ಯಾಟ್ ಉಳಿಯುತ್ತದೆ, ನಿಂತಾಗ ಹೆಚ್ಚುಕಡಿಮೆ ಮೂವತ್ತೂ ಜಂಪ್ ಡ್ರೈವಿಗೆ. ಆಗದು ಎಂದಾದರೆ ನಾಲ್ಕು ರಿಯಾಕ್ಟರ್ ಬೇಕು. ಒಂದು ಸ್ವಿಚ್ಚಿನ ಶಿಸ್ತಿನ ಬೆಲೆ ಎರಡು ರಿಯಾಕ್ಟರ್! ಜಂಪ್ ಡ್ರೈವಿನ ನಿಯಂತ್ರಣ ಫಲಕದಲ್ಲಿ ಚಾರ್ಜಿಂಗ್ ನಿಲ್ಲಿಸುವ ಆಯ್ಕೆ ಇದೆ. ಅದನ್ನು ಚಾಲಕನ ಆಸನದ ಟೂಲ್‌ಬಾರಿಗೆ ತಂದಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ಹೊಸಬರ ಗಮನಕ್ಕೆ ಬರುವುದಿಲ್ಲ. ಗಾಳಿಯಿಲ್ಲದ ಬಯಲಿನಲ್ಲಿ ವೇಗ ಹಿಡಿದ ಹಡಗು ಥ್ರಸ್ಟರ್ ಆರಿಸಿದರೂ ಓಡುತ್ತಲೇ ಇರುತ್ತದೆ. ಓಟಕ್ಕೆ ಖರ್ಚಿಲ್ಲ, ಹೊರಡುವುದಕ್ಕೆ, ನಿಲ್ಲುವುದಕ್ಕೆ, ತಿರುಗುವುದಕ್ಕೆ ಖರ್ಚು. ಹಾಗಾಗಿ ಇಂಥ ಹಡಗಿನ ಕರೆಂಟಿನ ನಕ್ಷೆ ಬರೆದರೆ ಮಟ್ಟಸ ಬಯಲಲ್ಲಿ ಅಲ್ಲೊಂದು ಇಲ್ಲೊಂದು ಚೂಪು ಗುಡ್ಡ ಎದ್ದಂತೆ ಕಾಣುತ್ತದೆ. ಬಯಲನ್ನು ಸಣ್ಣ ರಿಯಾಕ್ಟರ್ ನೋಡಿಕೊಳ್ಳಲಿ, ಗುಡ್ಡಗಳನ್ನು ಬ್ಯಾಟರಿಗೆ ಬಿಡಿ. ಒಂದು ಸಣ್ಣ ರಿಯಾಕ್ಟರ್, ಜೊತೆಗೆ ಒಂದು ಬ್ಯಾಟರಿ: 15 ಮತ್ತು 12 ಸೇರಿ 27 ಮೆಗಾವ್ಯಾಟ್. ಮೇಲಿನ ಹಡಗಿಗೆ ಇದೇ ಅತ್ಯಂತ ಅಗ್ಗದ ಜೋಡಿ ಎಂಬುದು ನನ್ನ ಲೆಕ್ಕ.

ಕೊಡುವವರು

ಗೋಕಾಕದ ಧಬಧಬೆಯನ್ನು ಮಳೆಗಾಲದಲ್ಲೂ ಬೇಸಿಗೆಯಲ್ಲೂ ನೋಡಿದವರಿಗೆ ಮೂಲಗಳ ಸ್ವಭಾವ ವಿವರಿಸಬೇಕಿಲ್ಲ. 52 ಮೀಟರ್ ಧುಮುಕುವ ಘಟಪ್ರಭೆಯ ಬಲವನ್ನು ನಂಬಿ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಅಲ್ಲಿ ಹತ್ತಿ ಗಿರಣಿ ಎದ್ದಿತು. ಶ್ರಾವಣದಲ್ಲಿ ಬಂಡೆ ನಡುಗಿಸುವ ಅದೇ ನೀರು ಬೇಸಿಗೆಯಲ್ಲಿ ಬಂಡೆಯ ಮೈಗಂಟಿದ ಎಳೆ. ಪುಕ್ಕಟೆ ಸಿಗುವ ಮೂಲ ನಮ್ಮ ಅನುಕೂಲ ನೋಡಿ ಬರುವುದಿಲ್ಲ.

ಆಟದಲ್ಲಿ ಅಂಥ ಪುಕ್ಕಟೆ ಮೂಲ ಎರಡು. ಗಾಳಿಯಂತ್ರ ಹೆಚ್ಚೆಂದರೆ 400 ಕಿಲೋವ್ಯಾಟ್ ಕೊಡುತ್ತದೆ, ಗಾಳಿ ಇರುವ ಗ್ರಹದಲ್ಲಿ ನೆಲಕ್ಕೆ ನೆಟ್ಟ ನೆಲೆಗಳಿಗೆ ಮಾತ್ರ. ಹಡಗಿನ ಮೇಲೆ ಹಚ್ಚಿ ಪ್ರಯೋಜನವಿಲ್ಲ. ಸೌರಫಲಕ ದೊಡ್ಡ ಗ್ರಿಡ್ಡಿನಲ್ಲಿ ಹೆಚ್ಚೆಂದರೆ 160 ಕಿಲೋವ್ಯಾಟ್, ಅದೂ ಸೂರ್ಯನಿಗೆ ನೇರ ಮುಖ ಕೊಟ್ಟಾಗ. ಮೇಲಿನ ಹಡಗಿನ 30 ಮೆಗಾವ್ಯಾಟನ್ನು ಸೌರಫಲಕದಿಂದಲೇ ಪಡೆಯುತ್ತೇನೆಂದರೆ 188 ಫಲಕ ಬೇಕು, ಹಡಗು ಮುಚ್ಚಿಹೋಗುತ್ತದೆ. ಸೌರಫಲಕ ಇರುವುದು ನೆಲೆಗೆ, ಮತ್ತು ನಿಂತ ಹಡಗಿನ ಬ್ಯಾಟರಿಯನ್ನು ನಿಧಾನಕ್ಕೆ ತುಂಬಿಸಲು. ಅದರಲ್ಲೂ ನಷ್ಟ ಹಿಡಿಯಿರಿ: ಬ್ಯಾಟರಿಗೆ ಹೋದ ನೂರು ಯೂನಿಟ್ಟಿನಲ್ಲಿ ಎಂಬತ್ತು ಮಾತ್ರ ಕೂಡಿಕೊಳ್ಳುತ್ತದೆ. ಎರಡು ಬ್ಯಾಟರಿಯ ಆರು ಸಾವಿರ ಯೂನಿಟ್ ತುಂಬಲು ಹತ್ತು ಫಲಕಕ್ಕೆ ಪೂರ್ತಿ ಬಿಸಿಲಿನಲ್ಲೂ ನಾಲ್ಕೂಮುಕ್ಕಾಲು ತಾಸು ಹಿಡಿಯುತ್ತದೆ.

ರಿಯಾಕ್ಟರ್ ಬಗ್ಗೆ ಹೇಳುವುದು ಕಡಿಮೆ. ಒಂದು ಕಿಲೋ ಯುರೇನಿಯಂ ಗಟ್ಟಿಗೆ ಒಂದು ಮೆಗಾವ್ಯಾಟ್ ಅವರ್, ಅಂದರೆ ಸಾವಿರ ಯೂನಿಟ್. ಸಣ್ಣ ರಿಯಾಕ್ಟರ್ ಪೂರ್ತಿ ಓಡಿದರೆ ತಾಸಿಗೆ ಹದಿನೈದು ಕಿಲೋ. (ಆಟ ಇಲ್ಲಿ ಭಾರೀ ಜಿಪುಣ. ನಿಜದ ಯುರೇನಿಯಂ 235 ಒಂದು ಕಿಲೋ ಪೂರ್ತಿ ವಿದಳನಗೊಂಡರೆ ಎರಡು ಕೋಟಿ ಯೂನಿಟ್ಟಿಗೂ ಮಿಕ್ಕಿದ ಶಾಖ ಬರುತ್ತದೆ. ಹಾಗೆಂದು ಆಟ ಎಲ್ಲದರಲ್ಲೂ ಜಿಪುಣನಲ್ಲ: ಅದರ ದೊಡ್ಡ ರಿಯಾಕ್ಟರ್ 300 ಮೆಗಾವ್ಯಾಟಿನದು, ನಮ್ಮ ಕೈಗಾದ ಒಂದೊಂದು ಘಟಕ 220ರದ್ದು.) ಬೇಡಿಕೆ ಇಲ್ಲದಾಗ ರಿಯಾಕ್ಟರ್ ಇಂಧನ ಸುಡುವುದಿಲ್ಲ. ಆದರೆ ಪಕ್ಕದಲ್ಲಿ ಖಾಲಿ ಬ್ಯಾಟರಿ ಇದ್ದರೆ ಅದನ್ನು ತುಂಬಿಸುತ್ತ ಕೂರುತ್ತದೆ. ನೀವು ಊಟಕ್ಕೆ ಎದ್ದುಹೋಗಿ ಬರುವಷ್ಟರಲ್ಲಿ ಯುರೇನಿಯಂ ಕರಗಿರುತ್ತದೆ. ಬಿಸಿಲಿರುವ ನೆಲೆಯಲ್ಲಿ ಹಡಗು ನಿಲ್ಲಿಸಿದಾಗ ರಿಯಾಕ್ಟರ್ ಆರಿಸುವುದು ಒಳ್ಳೆಯ ರೂಢಿ.

ಹೈಡ್ರೋಜನ್ ಎಂಜಿನ್ನು ದೊಡ್ಡ ಗ್ರಿಡ್ಡಿನಲ್ಲಿ 5 ಮೆಗಾವ್ಯಾಟ್ ಕೊಡುತ್ತದೆ. ಯುರೇನಿಯಂ ಸಿಗುವ ಮುನ್ನ ಇದೇ ಗತಿ. ಐಸ್ ಅಗೆದು, ಅದನ್ನು ಗ್ಯಾಸ್ ಜನರೇಟರಿನಲ್ಲಿ ಒಡೆದು, ಬಂದ ಹೈಡ್ರೋಜನ್ನನ್ನು ಎಂಜಿನ್ನಿಗೆ ಉಣಿಸಬೇಕು. ಪ್ರಭಾನಗರದ ಘಟಪ್ರಭಾ ಸಹಕಾರಿ ಕಾರ್ಖಾನೆ, ಹುಣಶ್ಯಾಳದ ಸತೀಶ್ ಶುಗರ್ಸ್, ಸಂಕೇಶ್ವರದ ಹಿರಣ್ಯಕೇಶಿ ಇರುವ ಈ ಸೀಮೆಯಲ್ಲಿ ಇಂಥ ಸರಪಳಿ ಹೊಸದಲ್ಲ. ಕಬ್ಬು ನುರಿಸಿದರೆ ಸಿಪ್ಪೆ, ಸಿಪ್ಪೆ ಸುಟ್ಟರೆ ಹಬೆ, ಹಬೆಯಿಂದ ನುರಿಸುವ ಯಂತ್ರಕ್ಕೇ ಬಲ. ಸಹವಿದ್ಯುತ್ ಘಟಕವಿದ್ದಲ್ಲಿ ಮಿಕ್ಕದ್ದು ವಿದ್ಯುತ್ ಜಾಲಕ್ಕೆ. ಇಂಥ ಸರಪಳಿಯ ಅಪಾಯ ಶುರುವಿನಲ್ಲಿದೆ. ಪೂರಾ ಆರಿದ ಹಡಗಿನಲ್ಲಿ ಐಸ್ ಒಡೆಯುವ ಜನರೇಟರಿಗೂ ಕರೆಂಟಿಲ್ಲ, ಎಂಜಿನ್ನಿಗೆ ಗ್ಯಾಸಿಲ್ಲ. ಒಂದು ಬ್ಯಾಟರಿಯನ್ನು ಬೇರೆಯಾಗಿಟ್ಟು, ಅದನ್ನು ಆಫ್ ಮಾಡಿ, ತುಂಬಿದ್ದಂತೆಯೇ ಬಿಡಿ. ಹಡಗು ಸತ್ತಾಗ ಅದೊಂದನ್ನು ಆನ್ ಮಾಡಿದರೆ ಸರಪಳಿ ಮತ್ತೆ ತಿರುಗುತ್ತದೆ.

ಪಾಳಿ ಹಚ್ಚುವುದು

ಘಟಪ್ರಭಾ ಎಡದಂಡೆಯ ಕಾಲುವೆ ನೀರು ಹೊಲಗಳಿಗೆ ಪಾಳಿಯಲ್ಲಿ ಬರುತ್ತದೆ. ಎಲ್ಲ ತೂಬೂ ಒಮ್ಮೆಲೇ ತೆರೆದರೆ ಬಾಲದ ರೈತನಿಗೆ ಹನಿಯೂ ಮುಟ್ಟದೆಂಬುದು ಅಲ್ಲಿ ಎಲ್ಲರಿಗೂ ಗೊತ್ತು, ಪಾಲಿಸುವುದು ಬಿಡುವುದು ಬೇರೆ ಮಾತು. ಹಡಗಿನಲ್ಲಿ ನೀವೇ ನೀರುಗಂಟಿ. ಜಗಳಕ್ಕೆ ಬರುವವರಿಲ್ಲ.

ಮೊದಲು ಬೇಡಿಕೆಗಳನ್ನು ಮೂರು ಪಾಲು ಮಾಡಿ. ತಡೆಯಲಾಗದವು: ಥ್ರಸ್ಟರ್, ಗೈರೋ, ಚಾಲಕನ ಕೋಣೆಯ ಗಾಳಿ. ಸ್ವಲ್ಪ ಕಾಯಬಲ್ಲವು: ರಿಫೈನರಿ, ಅಸೆಂಬ್ಲರ್, ಡ್ರಿಲ್ಲು. ಎಷ್ಟು ಹೊತ್ತಾದರೂ ಕಾಯಬಲ್ಲವು: ಜಂಪ್ ಡ್ರೈವು, ಬ್ಯಾಟರಿ ಚಾರ್ಜು, ಹೊರಗಿನ ದೀಪ. ನಿಯಂತ್ರಣ ಫಲಕದಲ್ಲಿ ಒಂದೊಂದು ಪಾಲಿಗೂ ಒಂದೊಂದು ಗುಂಪು ಕಟ್ಟಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹೆಸರಿಡಿ. ಕಾಯಬಲ್ಲ ಗುಂಪುಗಳ ಆನ್ ಆಫ್ ಸ್ವಿಚ್ಚು ಟೂಲ್‌ಬಾರಿನಲ್ಲಿ ಇರಲಿ. ಇಷ್ಟು ಮಾಡಿದರೆ ಅರ್ಧ ತೊಂದರೆ ಪರಿಹಾರ.

ಉಳಿದರ್ಧಕ್ಕೆ ಯಂತ್ರದ ಕೈ ಬೇಕು. 2023ರ ಏಪ್ರಿಲ್‌ನ ‘ಆಟೊಮ್ಯಾಟನ್ಸ್’ ಅಪ್‌ಡೇಟಿನಲ್ಲಿ ಬಂದ ಈವೆಂಟ್ ಕಂಟ್ರೋಲರ್ ಎಂಬ ಬ್ಲಾಕು ಇದಕ್ಕೆ ಹೇಳಿಮಾಡಿಸಿದ್ದು. ಬ್ಯಾಟರಿಯ ಸಂಗ್ರಹ ಇಂತಿಷ್ಟಕ್ಕಿಂತ ಕೆಳಗಿಳಿದರೆ ಇದನ್ನು ಆರಿಸು, ಮೇಲೇರಿದರೆ ಹಚ್ಚು ಎಂದು ಅದಕ್ಕೆ ಹೇಳಿಡಬಹುದು. ನನ್ನ ಸಲಹೆ ಒಂದನ್ನಲ್ಲ, ಎರಡನ್ನು ಹಾಕಿ ಎಂಬುದು. ಸಂಗ್ರಹ ಶೇ 50ಕ್ಕೆ ಇಳಿದಾಗ ಎಷ್ಟಾದರೂ ಕಾಯಬಲ್ಲ ಗುಂಪು ಆರಲಿ. ಶೇ 25ಕ್ಕೆ ಇಳಿದಾಗ ರಿಫೈನರಿ ಗುಂಪು. ಆರಿಸುವ ಮಿತಿಯನ್ನೂ ಹಚ್ಚುವ ಮಿತಿಯನ್ನೂ ಒಂದೇ ಅಂಕಿಯಲ್ಲಿಟ್ಟರೆ ರಿಫೈನರಿ ನಿಮಿಷಕ್ಕೆ ನಾಲ್ಕು ಸಲ ಆರಿ ಹತ್ತುತ್ತದೆ. ಹಾಗಾಗಿ ಆರಿಸುವ ಕೆಲಸ ಮಾತ್ರ ಕಂಟ್ರೋಲರಿಗೆ ಕೊಟ್ಟು, ಹಚ್ಚುವುದನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಸತ್ತ ಹಡಗಿಗೆ ಮತ್ತೆ ಕರೆಂಟು ಬಂದಾಗ ಎಲ್ಲ ಬ್ಲಾಕೂ ಒಟ್ಟಿಗೆ ಕೈಚಾಚುತ್ತವೆ. ಇದಕ್ಕೆ ಟೈಮರ್ ಬ್ಲಾಕು ಇದೆ. ಮೊದಲ ಟೈಮರ್ ಥ್ರಸ್ಟರ್ ಗುಂಪನ್ನು ಹಚ್ಚಿ ಎರಡನೆಯ ಟೈಮರನ್ನು ಎಬ್ಬಿಸಲಿ. ಅದು ಹತ್ತು ಸೆಕೆಂಡು ಕಾದು ರಿಫೈನರಿ ಹಚ್ಚಲಿ. ಮೂರನೆಯದು ಇನ್ನೂ ಮೂವತ್ತು ಸೆಕೆಂಡು ಬಿಟ್ಟು ಚಾರ್ಜಿಂಗ್. ಹೊಲದಲ್ಲಿ ಆಟೋ ಸ್ಟಾರ್ಟರ್ ಇರುವವರು ಅದರೊಳಗಿನ ಟೈಮ್ ಡಿಲೇ ತಿರುಪನ್ನು ಈ ನೆಪದಲ್ಲೊಮ್ಮೆ ನೋಡಿ. ಒಂದೇ ಟೀಸಿಯ ಮೇಲಿನ ನೆರೆಹೊರೆಯವರು ಮಾತಾಡಿಕೊಂಡು ಒಬ್ಬರು ಒಂದು ನಿಮಿಷ, ಇನ್ನೊಬ್ಬರು ಎರಡು, ಮತ್ತೊಬ್ಬರು ಮೂರು ಎಂದು ಬೇರೆಬೇರೆ ಇಟ್ಟುಕೊಂಡರೆ ಮೇಲೆ ಹೇಳಿದ ಕೆಟ್ಟ ನಿಮಿಷ ಹಂಚಿಹೋಗುತ್ತದೆ. ಟೆಕ್ನಿಷಿಯನ್ನನನ್ನು ಕರೆದು, ಮೇನ್ ಆರಿಸಿ ಮಾಡಿಸಬೇಕಾದ ಕೆಲಸ ಅದು. ಆಟದಲ್ಲಿ ಶಾಕ್ ಹೊಡೆಯುವುದಿಲ್ಲ, ಹೊಲದಲ್ಲಿ ಹೊಡೆಯುತ್ತದೆ.

ಜೋಡಣೆಯ ಬಲೆ

ಹುಕ್ಕೇರಿ ತಾಲ್ಲೂಕಿಗೆ ಕರ್ನಾಟಕದಲ್ಲಿ ಬೇರೆಲ್ಲೂ ಇಲ್ಲದ ಒಂದು ವ್ಯವಸ್ಥೆ ಇದೆ. ಪಕ್ಕದ ಗೋಕಾಕ, ಮೂಡಲಗಿಗೆಲ್ಲ ಹೆಸ್ಕಾಂ ಮನೆಮನೆಗೆ ಕರೆಂಟು ಕೊಟ್ಟರೆ, ಅಲ್ಲಿ 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆ ಕೆಲಸ ಮಾಡುತ್ತ ಬಂದಿದೆ. ದೊಡ್ಡ ಜಾಲದಿಂದ ಸಗಟಾಗಿ ಪಡೆದು ತನ್ನ ಸದಸ್ಯರಿಗೆ ಹಂಚುವ ಸಣ್ಣ ಜಾಲ. ದೊಡ್ಡದಕ್ಕೆ ಅಂಟಿಕೊಂಡೇ ತನ್ನ ಲೆಕ್ಕ ತಾನು ಇಟ್ಟುಕೊಳ್ಳಬೇಕು.

ಆಟದಲ್ಲಿ ನಿಮ್ಮ ಹಡಗು ಕನೆಕ್ಟರ್ ಮೂಲಕ ನೆಲೆಗೆ ಕಚ್ಚಿಕೊಂಡಾಗ ಎರಡೂ ಜಾಲ ಒಂದಾಗುತ್ತವೆ, ಲೆಕ್ಕ ಮಾತ್ರ ಯಾರೂ ಇಟ್ಟುಕೊಳ್ಳುವುದಿಲ್ಲ. ಹಡಗಿನ ಬ್ಯಾಟರಿಗಳು ‘ಆಟೋ’ದಲ್ಲಿದ್ದರೆ ನೆಲೆಯ ರಿಫೈನರಿಗಳು ರಾತ್ರಿಯೆಲ್ಲ ಅವನ್ನು ಹೀರಿ, ಬೆಳಗ್ಗೆ ಹೊರಡುವ ಹೊತ್ತಿಗೆ ಹಡಗು ಖಾಲಿ. ಇದಕ್ಕೆ ಹೆದರಿ ಎಲ್ಲ ಬ್ಯಾಟರಿಯನ್ನೂ ‘ರೀಚಾರ್ಜ್’ಗೆ ತಿರುಗಿಸುವವರಿಗೆ ಎರಡು ಹೊಂಡ ಕಾದಿವೆ. ಒಂದು, ನಾಲ್ಕು ಬ್ಯಾಟರಿ ಒಟ್ಟಿಗೆ ಚಾರ್ಜಿಗೆ ಕೂತರೆ 48 ಮೆಗಾವ್ಯಾಟ್ ಕೇಳಬಲ್ಲವು. ಸೌರಫಲಕದ ಬಡ ನೆಲೆಗೆ ಅಲ್ಲಿಯೇ ಕಣ್ಣು ಕತ್ತಲಿಡುತ್ತದೆ. ಇನ್ನೊಂದು ಇನ್ನೂ ಕೆಟ್ಟದ್ದು. ರೀಚಾರ್ಜಿನಲ್ಲಿರುವ ಬ್ಯಾಟರಿ ಕರೆಂಟು ಕೊಡುವುದಿಲ್ಲ. ಅದನ್ನು ಮರೆತು ಕನೆಕ್ಟರ್ ಬಿಡಿಸಿದರೆ ತುಂಬಿದ ಬ್ಯಾಟರಿಗಳನ್ನು ಹೊತ್ತ ಹಡಗು ಕಲ್ಲಿನಂತೆ ತೇಲಿಹೋಗುತ್ತದೆ. ಗ್ರಹದ ಮೇಲಿದ್ದರೆ ತೇಲುವುದೂ ಇಲ್ಲ.

ಎಲ್ಲವನ್ನೂ ರೀಚಾರ್ಜಿಗೆ ಹಾಕಿ, ಒಂದನ್ನು ಮಾತ್ರ ಆಟೋದಲ್ಲಿ ಬಿಡಿ. ಹೊರಡುವ ಟೈಮರಿನಲ್ಲಿ ಕ್ರಮ ಹೀಗಿರಲಿ: ಬ್ಯಾಟರಿಗಳು ಆಟೋಗೆ, ಥ್ರಸ್ಟರ್ ಆನ್, ಆಮೇಲೆ ಕನೆಕ್ಟರ್ ಬಿಡುವುದು. ಈ ಮೂರನ್ನು ಒಂದೇ ಗುಂಡಿಗೆ ಕಟ್ಟಿದವರ ಹಡಗು ಹೊರಡುವಾಗ ಬಿದ್ದದ್ದು ಅಪರೂಪ.

ನೆಲದ ಸೆಳೆತ

ಗ್ರಹದ ಮೇಲೆ ಈ ಲೆಕ್ಕವೆಲ್ಲ ಬಿಗಿಯಾಗುತ್ತದೆ, ಯಾಕೆಂದರೆ ಅಲ್ಲಿ ಸುಮ್ಮನೆ ನಿಲ್ಲುವುದಕ್ಕೂ ಖರ್ಚು. ಭೂಮಿಯಂಥ ಗ್ರಹದಲ್ಲಿ ನೂರು ಟನ್ನಿನ ಹಡಗನ್ನು ಗಾಳಿಯಲ್ಲಿ ಹಿಡಿದಿಡಲು 981 ಕಿಲೋನ್ಯೂಟನ್ ಬಲ ಬೇಕು. ದೊಡ್ಡ ಗ್ರಿಡ್ಡಿನ ಸಣ್ಣ ಅಟ್ಮಾಸ್ಫಿಯರಿಕ್ ಥ್ರಸ್ಟರ್ ಒಂದಕ್ಕೆ 648 ಕಿಲೋನ್ಯೂಟನ್ ಶಕ್ತಿ, ಖರ್ಚು ಸುಮಾರು 2.4 ಮೆಗಾವ್ಯಾಟ್. ಮೂರು ಹಚ್ಚಿದರೆ ಹಡಗು ಹಗುರಾಗಿ ಏಳುತ್ತದೆ, ನಿಂತಿರಲು ಮೂರೂವರೆ ಮೆಗಾವ್ಯಾಟಿನ ಆಸುಪಾಸು ಸಾಕು.

ಇನ್ನು ನೂರು ಟನ್ ಅದಿರು ತುಂಬಿಕೊಳ್ಳಿ. ಬೇಕಾದ ಬಲ 1,962. ಮೂರು ಥ್ರಸ್ಟರ್ ಪೂರ್ತಿ ಉರಿದರೂ 1,944. ಬರುವಾಗ ಹಕ್ಕಿಯಂತೆ ಬಂದ ಹಡಗು ಹೋಗುವಾಗ ಮೆಲ್ಲಗೆ, ತಡೆಯಲಾರದಂತೆ ಕೆಳಗಿಳಿಯುತ್ತದೆ. ಕರೆಂಟು ಎಷ್ಟು ಇದ್ದರೂ ಇಲ್ಲಿ ಉಪಯೋಗವಿಲ್ಲ. ಥ್ರಸ್ಟರ್ ಆರಕ್ಕೇರಿಸಿದಿರಿ ಅನ್ನಿ. ತುಂಬಿದ ಹಡಗು ನಿಂತಿರಲೇ ಏಳು ಮೆಗಾವ್ಯಾಟಿಗೂ ಮೇಲೆ ಬೇಕು, ಮೇಲೇರಲು ಹದಿನಾಲ್ಕರ ತನಕ. ಒಂದೇ ಬ್ಯಾಟರಿಯ 12 ಮೆಗಾವ್ಯಾಟ್ ಆಗ ಕೈಕೊಡುತ್ತದೆ. ಹಾಗಾಗಿ ಗ್ರಹದ ಹಡಗಿನ ಕರೆಂಟನ್ನು ಯಾವಾಗಲೂ ಭರ್ತಿ ಸರಕಿನ ತೂಕಕ್ಕೇ ಲೆಕ್ಕ ಹಾಕಬೇಕು. ಏರುವಾಗ ಡ್ರಿಲ್ಲು ಆರಿರಲಿ, ರಿಫೈನರಿಯನ್ನಂತೂ ಹಾರುವ ಹಡಗಿನ ಮೇಲೆ ಇಡಲೇಬೇಡಿ.

ನಿಜದ ನೌಕೆಗಳು

ಮೆಗಾವ್ಯಾಟುಗಳ ಈ ದೌಲತ್ತಿನ ನಡುವೆ ನಿಜದ ನೌಕೆಗಳ ಕಡೆ ನೋಡಿದರೆ ನಾಚಿಕೆಯಾಗುತ್ತದೆ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನ ಸೌರಫಲಕಗಳದ್ದು 738 ವ್ಯಾಟ್, ಒಂದು ಎಚ್‌ಪಿಗೂ ಕೊಂಚ ಕಡಿಮೆ. ಪ್ರಜ್ಞಾನ್ ರೋವರಿಗೆ ಬರೀ 50 ವ್ಯಾಟ್. 2023ರ ಆಗಸ್ಟ್ 23ರಂದು ಇಳಿದ ನೌಕೆಯನ್ನು ಚಂದ್ರನ ರಾತ್ರಿ ಬರುವ ಮುನ್ನ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಉಪಕರಣಗಳನ್ನು ಒಂದೊಂದಾಗಿ ಆರಿಸಿ ಮಲಗಿಸಲಾಯಿತು. ರೋವರಿನ ಬ್ಯಾಟರಿ ತುಂಬಿಸಿ, ಫಲಕವನ್ನು ಮುಂದಿನ ಸೂರ್ಯೋದಯದ ದಿಕ್ಕಿಗೆ ತಿರುಗಿಸಿ ಇಟ್ಟಿದ್ದರು. ಅದು ಮತ್ತೆ ಏಳಲಿಲ್ಲ. ಆದರೆ ಆರಿಸುವ ಕ್ರಮ ಮಾದರಿಯದ್ದು, ನಿಮ್ಮ ಟೈಮರ್ ಬ್ಲಾಕಿಗೆ ಹಾಗೆಯೇ ನಕಲು ಮಾಡಬಹುದು.

ಅದಕ್ಕೂ ಹಿಂದೆ, 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಇದೆ. ಉಡುಪಿಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ, 360 ಕಿಲೋ ತೂಕದ ಭಾರತದ ಮೊದಲ ಉಪಗ್ರಹ. ಕೆಲವೇ ದಿನಗಳಲ್ಲಿ ಅದರ ವಿಜ್ಞಾನ ಪ್ರಯೋಗಗಳು ನಿಂತುಹೋದವು. ಕಾರಣ, ವಿದ್ಯುತ್ ಪೂರೈಕೆಯ ದೋಷ. ಭೂಮಿಯನ್ನು ಒಂದೂವರೆ ತಾಸಿಗೊಮ್ಮೆ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಪ್ರತಿ ಸುತ್ತಿನಲ್ಲಿ ಸುಮಾರು ಅರ್ಧ ತಾಸು ನೆರಳಿಗೆ ಬೀಳುತ್ತದೆ. ಬಿಸಿಲಿರುವಾಗಲೇ ಓಡುವುದಕ್ಕೂ ಕೂಡಿಡುವುದಕ್ಕೂ ಎರಡಕ್ಕೂ ಗಳಿಸಿಕೊಳ್ಳಬೇಕು. ನೀವು ಗ್ರಹದ ಸುತ್ತ ನೆಲೆ ಕಟ್ಟುವಾಗ ಸೌರಫಲಕದ ಲೆಕ್ಕವನ್ನು ಹಗಲಿನ ಬೇಡಿಕೆಗೆ ಮಾತ್ರ ಹಾಕಿ ಕೈತೊಳೆದುಕೊಂಡರೆ ಕತ್ತಲು ಬಿಡುವುದಿಲ್ಲ.

ಆಡುವ ಕಂಪ್ಯೂಟರಿನ ಕರೆಂಟಿನದೂ ಒಂದು ಮಾತು. ಇಂಥ ಆಟಕ್ಕೆ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಮುನ್ನೂರು ನಾನೂರು ವ್ಯಾಟ್ ಎಳೆಯುವುದು ಮಾಮೂಲು. ಮನೆಯ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್, ನಷ್ಟ ಕಳೆದರೆ ಮೂರು ತಾಸಿನ ಆಟ, ಅದೂ ಫ್ಯಾನು ಆರಿಸಿದರೆ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಗುಂಡಿ ಇದ್ದರೆ ಅದನ್ನು ಹಚ್ಚಿಡಿ. ಇಲ್ಲವಾದರೆ ಕರೆಂಟು ಹೋದ ಕ್ಷಣ ಫ್ಯಾನು ತಿರುಗುತ್ತಲೇ ಇರುತ್ತದೆ, ಕಂಪ್ಯೂಟರ್ ಮಾತ್ರ ಮರುಹುಟ್ಟು ಪಡೆಯುತ್ತದೆ. ಆಟೋಸೇವ್ ಚಾಲೂ ಇರಲಿ.

ಕೊನೆಗೆ ಪರೀಕ್ಷೆ. ಹಡಗನ್ನು ನೆಲೆಯಿಂದ ಬಿಡಿಸಿ, ನೆಲದಿಂದ ಒಂದೆರಡು ಮೀಟರಿನಷ್ಟೇ ಮೇಲೆ ನಿಲ್ಲಿಸಿ. ಸರಕಿನ ಡಬ್ಬಿಗಳನ್ನು ಜಲ್ಲಿಯಿಂದಲೋ ಐಸಿನಿಂದಲೋ ಪೂರ್ತಿ ತುಂಬಿರಬೇಕು. ಕಾಯಬಲ್ಲ ಗುಂಪುಗಳನ್ನೂ ಬೇಕೆಂದೇ ಹಚ್ಚಿ. ಮುಂದೆ, ಮೇಲೆ, ಪಕ್ಕಕ್ಕೆ ಮೂರೂ ಒಟ್ಟಿಗೆ ಒತ್ತಿ ಹಿಡಿದು ಪರದೆಯ ಮೂಲೆಯ ವಿದ್ಯುತ್ ಬಳಕೆಯ ಪಟ್ಟಿ ನೋಡಿ. ಅದು ಶೇ 80 ದಾಟದಿದ್ದರೆ ಹಡಗು ಹೊರಡಲು ತಯಾರು. ದಾಟಿದರೆ ಯಾವ ಗುಂಪು ಆರಿಸಿದಾಗ ಇಳಿಯುತ್ತದೆ ಎಂದು ಒಂದೊಂದಾಗಿ ಆರಿಸಿ ನೋಡಿ. ಆ ಗುಂಪಿಗೇ ಈವೆಂಟ್ ಕಂಟ್ರೋಲರ್ ಹಾಕಬೇಕಾದ್ದು. ಎಲ್ಲ ಆರಿಸಿದರೂ ಇಳಿಯಲಿಲ್ಲವೋ, ಆಗ ಮಾತ್ರ ಇನ್ನೊಂದು ಬ್ಯಾಟರಿ ಬೆಸೆಯಿರಿ. ಬೆಸೆದ ಮೇಲೆ ತೂಕದ ಲೆಕ್ಕ ಮತ್ತೆ ಮೊದಲಿನಿಂದ.